ಅತಿಭಾರಾರೋಪಣವೂ ನರಳದ ಕಬ್ಬಿಣವೂ

ಶ್ರಾವಕನ ಅಹಿಂಸಾಣುವ್ರತಕ್ಕೆ ನಮ್ಮ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಈ ಐದೂ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುತ್ತವೆ. ಇವುಗಳಲ್ಲಿ ನಾಲ್ಕನೆಯದು ಆಶ್ರಯದಲ್ಲಿರುವ ಜೀವದ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೇರುವ ದೋಷ. ಎತ್ತು, ಕೋಣ, ಕತ್ತೆ, ಹೊರೆಯಾಳು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು ಅದು. ಇಂದು ನಮ್ಮ ಬಹುತೇಕ ಮನೆಗಳ ಮುಂದೆ ಎತ್ತಿನ ಗಾಡಿಯಿಲ್ಲ. ಹೊರೆಯನ್ನು ಯಂತ್ರ ಹೊರುತ್ತದೆ. ಹಾಗಾದರೆ ಈ ಅತಿಚಾರವು ನಮ್ಮ ಜೀವನದಿಂದ ತಾನಾಗಿ ಕಳಚಿಹೋಯಿತೆ? ಜೀವವಿಲ್ಲದ ಕಬ್ಬಿಣದ ಮೇಲೆ ಅತಿಭಾರ ಹೇರಿದರೆ ವ್ರತಕ್ಕೆ ಬಾಧಕವುಂಟೆ, ಇಲ್ಲವೆ?

ಪ್ರಶ್ನೆ ಮೇಲುನೋಟಕ್ಕೆ ತಾರ್ಕಿಕರ ವಿನೋದದಂತೆ ಕಾಣಬಹುದು. ಆದರೆ ಉತ್ತರದ ಮೇಲೆ ಮನುಷ್ಯರ ಪ್ರಾಣ ನಿಂತಿದೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ನೆನೆಯಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಎಣಿಸುವಾಗ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭಗಳ ಜೊತೆಯಲ್ಲಿ ಅತಿಭಾರವಹನವನ್ನೂ ಸೇರಿಸಿದ್ದಾರೆ. ಒಂದೇ ದೋಷ ಎರಡು ವ್ರತಗಳ ಬಾಗಿಲಲ್ಲಿ ನಿಂತಿದೆ. ಹೊರುವವನ ಕಡೆಯಿಂದ ನೋಡಿದರೆ ಅದು ಹಿಂಸೆ, ಹೇರುವವನ ಕಡೆಯಿಂದ ನೋಡಿದರೆ ಅದು ಪರಿಗ್ರಹ. ಹೊರುವವನು ಬದಲಾಗಿರಬಹುದು. ಹೇರುವವನು ಮಾತ್ರ ಅಂದಿನಂತೆಯೇ ಇದ್ದಾನೆ.

ಈ ವಿಚಾರವನ್ನು ಪರೀಕ್ಷಿಸಲು ಪ್ರಾಣಿಯ ದುಡಿಮೆಯಾಗಲಿ ಹೊಟ್ಟೆಪಾಡಿನ ಒತ್ತಡವಾಗಲಿ ಇಲ್ಲದ ಒಂದು ಉದಾಹರಣೆ ಬೇಕು. ಬಡ ಲಾರಿ ಚಾಲಕನ ಉದಾಹರಣೆಯನ್ನು ತೆಗೆದುಕೊಂಡರೆ ದಾರಿದ್ರ್ಯದ ಪ್ರಶ್ನೆ ಬಂದು ಧರ್ಮದ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ಬಿಡುವಿನ ಸುಖಕ್ಕಾಗಿಯೇ ಹೇರಿದ ಹೊರೆಯನ್ನು ನೋಡುವುದು ಮೇಲು. ಅಂಥ ಉದಾಹರಣೆ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಸಿಗುತ್ತದೆ. ನಮ್ಮ ಸಮಾಜದ ಕುಟುಂಬಗಳೂ ನೆಲೆಸಿರುವ ದೇಶಗಳಾದ್ದರಿಂದ ಅಲ್ಲಿಯ ರೂಢಿ ನಮಗೆ ತೀರ ಅನ್ಯವೂ ಅಲ್ಲ.

ಆ ದೇಶಗಳಲ್ಲಿ ಪಿಕಪ್ ಟ್ರಕ್ ಎಂಬುದು ಸಂಸಾರಿಗರು ಬಳಸುವ ಸಾಮಾನ್ಯ ವಾಹನ. ಮುಂದೆ ಕುಳಿತುಕೊಳ್ಳುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಎರಡನ್ನೂ ಹೊತ್ತು ಹಿಡಿದಿರುವುದು ಕೆಳಗಿನ ಉಕ್ಕಿನ ಚಾಸಿ: ಉದ್ದಕ್ಕೆ ಎರಡು ತೊಲೆ, ಅಡ್ಡಕ್ಕೆ ಕೆಲವು ಪಟ್ಟಿ, ನೋಡಲು ಮಲಗಿಸಿದ ಏಣಿ. ಪ್ರವಾಸಪ್ರಿಯರು ಹಿಂಬದಿಯ ತೊಟ್ಟಿಯೊಳಗೆ ಕ್ಯಾಂಪರ್ ಎಂಬ ಒಂದು ಪುಟ್ಟ ಮನೆಯನ್ನೇ ಇಳಿಸಿ ಬಿಗಿಯುತ್ತಾರೆ. ಅದರಲ್ಲಿ ಹಾಸಿಗೆ, ಒಲೆ, ಶೀತಕ ಪೆಟ್ಟಿಗೆ, ಸ್ನಾನದ ಮನೆ, ನೀರಿನ ತೊಟ್ಟಿ, ಅನಿಲದ ಸಿಲಿಂಡರ್, ಬ್ಯಾಟರಿಗಳಿರುತ್ತವೆ. ದೊಡ್ಡ ಕ್ಯಾಂಪರುಗಳ ಬರಿಯ ತೂಕವೇ ೧,೫೦೦ ಕಿಲೋ ದಾಟುವುದುಂಟು. ಕೆಲವು ೨,೦೦೦ ಕಿಲೋವನ್ನೂ ಮೀರುತ್ತವೆ. ಅಲ್ಲಿಯ ಹಗುರ ವರ್ಗದ ಅನೇಕ ಪಿಕಪ್‌ಗಳು ಜನ, ಸಾಮಾನು ಎಲ್ಲ ಸೇರಿ ಹೊರಬಹುದಾದದ್ದು ೭೦೦ರಿಂದ ೯೦೦ ಕಿಲೋ. ಭಾರೀ ವರ್ಗದವು ಅದರ ಎರಡು ಪಾಲಿಗಿಂತಲೂ ಹೆಚ್ಚು ಹೊರಬಲ್ಲವು. ಆದರೂ ಅವಕ್ಕೊಂದು ಮಿತಿಯುಂಟು.

ಆ ಮಿತಿ ಗುಟ್ಟಿನ ವಿಷಯವಲ್ಲ. ವಾಹನವೂ ಅದರ ಹೊರೆಯೂ ಕೂಡಿ ಎಷ್ಟು ತೂಗಬಹುದೆಂಬ ಅಂಕಿಯನ್ನು ಚಾಲಕನ ಬಾಗಿಲಿನ ಬದಿಯ ಚೀಟಿಯಲ್ಲಿ ಮುದ್ರಿಸಬೇಕೆಂಬುದು ಅಮೆರಿಕದ ಕಾನೂನು. ಟ್ರಕ್ಕಿನ ಮೇಲೆ ಕ್ಯಾಂಪರ್ ಹೇರುವ ವಿಷಯಕ್ಕೆಂದೇ ಅಲ್ಲಿಯ ಕೇಂದ್ರ ನಿಯಮಾವಳಿಯಲ್ಲಿ ಪ್ರತ್ಯೇಕ ವಿಧಿಯಿದೆ. ಅದರ ಪ್ರಕಾರ ನೀರು, ಅನಿಲ, ಶೀತಕ ಪೆಟ್ಟಿಗೆಗಳನ್ನು ಲೆಕ್ಕಕ್ಕೆ ಹಿಡಿದು ಕ್ಯಾಂಪರಿನ ಗರಿಷ್ಠ ತೂಕವನ್ನು ಅದರ ತಯಾರಕ ಹೇಳಬೇಕು. ಆ ತೂಕದ ಕೇಂದ್ರ ಎಲ್ಲಿ ಬೀಳಬೇಕೆಂಬುದನ್ನು ಟ್ರಕ್ಕಿನ ತಯಾರಕ ತಿಳಿಸಬೇಕು. ಇಷ್ಟಿದ್ದರೂ ಚಾಸಿಗಳು ಬಾಗುತ್ತವೆ, ಬಿರಿಯುತ್ತವೆ, ಕೆಲವೊಮ್ಮೆ ಮುರಿಯುತ್ತವೆ. ಸಾಮಾನ್ಯವಾಗಿ ಇದು ಆಗುವುದು ಚಾಲಕನ ಕೋಣೆಗೂ ಹಿಂದಿನ ತೊಟ್ಟಿಗೂ ನಡುವಿನ ಸಂದಿಯಲ್ಲಿ, ಇಲ್ಲವೆ ಹಿಂಗಾಲಿಯ ಸ್ಪ್ರಿಂಗು ಚಾಸಿಗೆ ಕೂಡುವ ಜಾಗದ ಆಸುಪಾಸಿನಲ್ಲಿ.

ಇದರ ಕಾರಣ ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ಚೆನ್ನಾಗಿ ಗೊತ್ತು. ಎರಡು ಗಾಲಿಯ ಗಾಡಿಯಲ್ಲಿ ಮುಂದಕ್ಕೆ ಹೆಚ್ಚು ಹೇರಿದರೆ ನೊಗವು ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ. ಒಟ್ಟು ಭಾರ ಅಷ್ಟೇ ಇದ್ದರೂ ಇಟ್ಟ ಜಾಗದಿಂದ ಅನರ್ಥವಾಗುತ್ತದೆ. ಪಿಕಪ್ಪಿನಲ್ಲಿಯೂ ಹಾಗೆಯೆ. ಕ್ಯಾಂಪರಿನ ಭಾರಕೇಂದ್ರವು ಹಿಂದಿನ ಅಚ್ಚಿಗಿಂತ ಮುಂದೆ ಬೀಳಬೇಕು. ಅದು ಹಿಂದಕ್ಕೆ ಸರಿದರೆ, ಅದರ ಮೇಲೆ ಹಿಂಬದಿಗೆ ಸೈಕಲ್ಲುಗಳನ್ನೋ ಮೋಟಾರು ಬೈಕನ್ನೋ ತೂಗುಹಾಕಿದರೆ, ಚಾಸಿಯ ಬಾಲವನ್ನು ಕೆಳಕ್ಕೂ ಮುಂಭಾಗವನ್ನು ಮೇಲಕ್ಕೂ ಒತ್ತುವ ಬಲ ಹೆಚ್ಚುತ್ತದೆ. ನಿಂತ ವಾಹನದಲ್ಲಿ ಸಹ್ಯವಾಗಿದ್ದ ಆ ಬಲ ಗುಂಡಿಗೆ ಬಿದ್ದೆದ್ದ ಕ್ಷಣದಲ್ಲಿ ಹಲವು ಪಾಲು ಏರುತ್ತದೆ.

ಹಾಗೆಂದು ಮುರಿದ ಚಾಸಿಯೆಲ್ಲವೂ ಒಡೆಯನ ಲೋಭಕ್ಕೆ ಸಾಕ್ಷಿಯೆಂದು ಹೇಳುವುದು ನ್ಯಾಯವಲ್ಲ. ತುಕ್ಕಿನಿಂದ ಉಕ್ಕು ತೆಳುವಾಗಿರಬಹುದು. ಬೆಸುಗೆಯಲ್ಲಿ ದೋಷವಿರಬಹುದು. ಚಾಸಿಗೆ ಕೊರೆಯಬಾರದ ಕಡೆ ಯಾರೋ ತೂತು ಕೊರೆದಿರಬಹುದು. ಮಿತಿಯೊಳಗೇ ಇದ್ದ ಹೊರೆಗೆ ಚಾಸಿ ಸೋತರೆ ದೋಷ ಅಂಕಿಯನ್ನು ಬರೆದವನದು. ಅದು ಅವನ ಸತ್ಯವ್ರತದ ಪ್ರಶ್ನೆ. ಆದರೆ ತೂಕ ಹಾಕಿ ನೋಡಿದ ದಾಖಲೆ ಒಡೆಯನ ಬಳಿ ಇಲ್ಲದಿದ್ದರೆ ಯಾರದು ತಪ್ಪೆಂದು ನಿರ್ಣಯಿಸುವುದಾದರೂ ಹೇಗೆ? ತೂಗದೆ ಹೇರಿದವನು ಅಪಾಯವನ್ನು ತಂದುಕೊಂಡದ್ದಲ್ಲದೆ, ನ್ಯಾಯ ಕೇಳುವ ತನ್ನ ಆಧಾರವನ್ನೂ ಕಳೆದುಕೊಂಡಿರುತ್ತಾನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಬ್ಬಿಣಕ್ಕೆ ನೋವಿಲ್ಲ. ಗಣಿಯೊಳಗಿನ ಅದಿರನ್ನು ನಾವು ಪೃಥ್ವೀಕಾಯವೆಂದು ಭಾವಿಸಿದರೂ ಕುಲುಮೆಯಲ್ಲಿ ಕರಗಿ ಬಂದ ಉಕ್ಕು ಅಚಿತ್ತವಾದ ಪುದ್ಗಲಸ್ಕಂಧ. ಅದನ್ನು ಬಾಗಿಸಿದರೆ ಉಕ್ಕಿನ ವಿಷಯದಲ್ಲಿ ಹಿಂಸೆಯಿಲ್ಲ. ಆದರೆ ನಮ್ಮ ಶಾಸ್ತ್ರವು ಹಿಂಸೆಯನ್ನು ಪ್ರಾಣಘಾತದಿಂದಷ್ಟೇ ಅಳೆಯುವುದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯನ್ನು ಅದು ಹಿಂಸೆಯ ಮೂಲವಾಗಿ ಹಿಡಿಯುತ್ತದೆ. ಮುನಿಯು ಈರ್ಯಾಸಮಿತಿಯಿಂದ ನೆಲ ನೋಡಿ ನಡೆಯುವಾಗ ಆಕಸ್ಮಿಕವಾಗಿ ಜೀವವೊಂದು ಸತ್ತರೂ ಆತನಿಗೆ ಆ ದೋಷ ಅಂಟುವುದಿಲ್ಲ. ನೋಡದೆ ನಡೆದವನ ಕಾಲಿಗೆ ಒಂದು ಜೀವವೂ ಸಿಕ್ಕದಿದ್ದರೂ ಅವನು ನಿರ್ದೋಷಿಯಾಗುವುದಿಲ್ಲ. ಬಾಗಿಲ ಬದಿಯ ಅಂಕಿಯನ್ನು ಓದದೆ ಎರಡು ಟನ್ ಹೇರಿ ಹೆದ್ದಾರಿಗೆ ಇಳಿದವನು ನೋಡದೆ ನಡೆದವನೇ. ಆ ದಿನ ಏನೂ ಆಗದಿರಬಹುದು. ಹಿಂದೆ ಬರುವ ಕಾರಿನಲ್ಲಿದ್ದ ತಾಯಿ ಮಕ್ಕಳು ಕ್ಷೇಮವಾಗಿ ಮನೆ ಸೇರಿರಬಹುದು. ಅವರ ಕ್ಷೇಮಕ್ಕೆ ಅವನ ಎಚ್ಚರ ಕಾರಣವಲ್ಲ ಎಂಬುದೇ ಅವನ ದೋಷ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಬೇಕು. ಎತ್ತಿನಿಂದ ಕಬ್ಬಿಣಕ್ಕೆ ಹೊರೆಯನ್ನು ವರ್ಗಾಯಿಸಿದಾಗ ನಾವು ಒಂದು ದೊಡ್ಡ ಹಿಂಸೆಯಿಂದ ಬಿಡುಗಡೆ ಪಡೆದೆವು, ನಿಜ. ಅದರೊಡನೆ ಒಂದು ರಕ್ಷಣೆಯನ್ನೂ ಕಳೆದುಕೊಂಡೆವು. ಎತ್ತು ಏದುಸಿರು ಬಿಡುತ್ತದೆ, ಬಾಯಿಂದ ನೊರೆ ಸುರಿಸುತ್ತದೆ, ಏರಿನಲ್ಲಿ ಮಂಡಿಯೂರುತ್ತದೆ. ಕಲ್ಲೆದೆಯವನಿಗೂ ಹೊರೆ ಹೆಚ್ಚಾಯಿತೆಂದು ಕಣ್ಣಿಗೆ ಕಾಣುತ್ತದೆ. ಕಬ್ಬಿಣ ನರಳುವುದಿಲ್ಲ. ಬಿರಿಯುವ ಹಿಂದಿನ ದಿನವೂ ಅದು ಮೊದಲ ದಿನದಂತೆಯೇ ಸುಮ್ಮನಿರುತ್ತದೆ. ಕರುಣೆಯನ್ನು ಎಬ್ಬಿಸುವ ದನಿಯಿಲ್ಲದ ಕಡೆ ಕರುಣೆಯ ಕೆಲಸವನ್ನು ಯಾರು ಮಾಡಬೇಕು? ಲೆಕ್ಕ ಮಾಡಬೇಕು, ತಕ್ಕಡಿ ಮಾಡಬೇಕು.

ವಾಸ್ತವದಲ್ಲಿ ನರಳಬಲ್ಲ ಪ್ರಾಣಿಗಳ ವಿಷಯದಲ್ಲಿಯೂ ಮನುಷ್ಯನ ಕರುಣೆಯೊಂದನ್ನೇ ನಂಬಲಾಗದೆಂದು ನಮ್ಮ ದೇಶ ಅಂಕಿಗಳನ್ನು ಬರೆದಿಟ್ಟಿತು. ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಅಡಿಯಲ್ಲಿ ೧೯೬೫ರಲ್ಲಿ ಬಂದ ನಿಯಮಗಳು ಕತ್ತೆಯ ಬೆನ್ನಿಗೆ ೫೦ ಕಿಲೋ, ಒಂಟೆಯ ಬೆನ್ನಿಗೆ ೨೫೦ ಕಿಲೋ ಮೀರಬಾರದೆಂದು ಹೇಳುತ್ತವೆ. ಎಳೆಯುವ, ಹೊರುವ ಪ್ರಾಣಿಯನ್ನು ದಿನಕ್ಕೆ ಒಟ್ಟು ೯ ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ೫ ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸುತ್ತವೆ. ನೋವು ಕಾಣುವ ಕಡೆಯೇ ಅಂಕಿ ಬೇಕಾಯಿತೆಂದರೆ, ನೋವು ಇಲ್ಲದ ಕಡೆ ಅದು ಎಷ್ಟು ಹೆಚ್ಚು ಬೇಕು!

‘ಎಷ್ಟೋ ಜನ ಮಿತಿ ಮೀರಿ ಹೇರಿಕೊಂಡು ವರ್ಷಗಟ್ಟಲೆ ತಿರುಗಿದ್ದಾರೆ, ಏನೂ ಆಗಿಲ್ಲ’ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಲೋಹದ ಸ್ವಭಾವವನ್ನು ಅರಿತರೆ ಇದರ ಟೊಳ್ಳು ತಿಳಿಯುತ್ತದೆ. ೧೮೪೨ರ ಮೇ ೮ರಂದು ಫ್ರಾನ್ಸಿನಲ್ಲಿ, ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹೊತ್ತಿ ೫೦ಕ್ಕೂ ಹೆಚ್ಚು ಜನ ಮಡಿದರು. ಬಹುಕಾಲ ಸರಿಯಾಗಿಯೇ ಉರುಳಿದ ಅಚ್ಚು ಒಂದು ದಿನ ಏಕೆ ಮುರಿಯಬೇಕು ಎಂಬ ಪ್ರಶ್ನೆ ಅಂದಿನ ಎಂಜಿನಿಯರರನ್ನು ಕಾಡಿತು. ಮುಂದೆ ೧೮೫೦ ಮತ್ತು ೧೮೬೦ರ ದಶಕಗಳಲ್ಲಿ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ ಲಕ್ಷಾಂತರ ಸಲ ತಿರುಗಿಸಿ ಪರೀಕ್ಷಿಸಿದರು. ಒಂದೇ ಸಲ ಬಿದ್ದರೆ ಲೋಹವು ಸುಲಭವಾಗಿ ತಾಳುವ ಬಲವೇ ಮತ್ತೆ ಮತ್ತೆ ಬಿದ್ದರೆ ಅದನ್ನು ಮುರಿಯುತ್ತದೆ, ಬಲ ಹೆಚ್ಚಿದಷ್ಟೂ ತಾಳುವ ಸರದಿಗಳ ಸಂಖ್ಯೆ ಕುಗ್ಗುತ್ತದೆ, ಬಲವು ಒಂದು ಮಟ್ಟದ ಕೆಳಗಿದ್ದರೆ ಉಕ್ಕು ಬಹುಕಾಲ ಬಾಳುತ್ತದೆ ಎಂದು ಅವರು ತೋರಿಸಿದರು. ಇದನ್ನೇ ಇಂದು ಲೋಹದ ದಣಿವು ಎನ್ನುತ್ತಾರೆ. ತೂತಿನ ಅಂಚಿನಲ್ಲೋ ಬೆಸುಗೆಯ ಪಕ್ಕದಲ್ಲೋ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಪ್ರತಿ ಕುಲುಕಿಗೂ ಅದು ಕಣ್ಣಿಗೆ ಕಾಣದಷ್ಟು ಬೆಳೆಯುತ್ತದೆ. ಉಳಿದ ಉಕ್ಕು ಹೊರಲಾರದಷ್ಟು ಸಣ್ಣದಾದ ದಿನ ಒಮ್ಮೆಗೇ ಮುರಿಯುತ್ತದೆ.

ಹೀಗಿರುವಾಗ ‘ಇಷ್ಟು ದಿನ ಏನೂ ಆಗಿಲ್ಲ’ ಎಂಬುದು ಕ್ಷೇಮದ ಪ್ರಮಾಣವಲ್ಲ. ಅದು ಬಿರುಕಿನ ವಯಸ್ಸನ್ನು ಹೇಳುವ ಮಾತೂ ಆಗಬಹುದು. ಕ್ಷಣಕ್ಷಣದ ಆಸ್ರವ, ಬಂಧ, ಕಾಲ ಪಕ್ವವಾದಾಗ ಉದಯ ಎಂಬ ಕ್ರಮವನ್ನು ಬಲ್ಲ ನಮಗೆ ಇದು ಹೊಸದಾಗಿ ತೋರಬಾರದು. ಆದರೂ ಉಪಮಾನವನ್ನು ಉಪಮಾನವಾಗಿಯೇ ಹಿಡಿಯಬೇಕು. ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಜೀವಕ್ಕೆ ತಪಸ್ಸಿನಿಂದ ನಿರ್ಜರೆಯುಂಟು. ದಣಿದ ಎತ್ತಿಗೂ ರಾತ್ರಿಯ ಮೇವು, ನೀರು, ನಿದ್ದೆಗಳಿಂದ ಚೇತರಿಕೆಯುಂಟು. ಬಿರಿದ ಉಕ್ಕಿಗೆ ವಿಶ್ರಾಂತಿಯಿಂದ ಗುಣವಿಲ್ಲ. ನಿನ್ನೆಯ ಅತಿಭಾರವನ್ನು ಇಂದಿನ ಮಿತಹೊರೆ ಅಳಿಸಲಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ‘ತಯಾರಕರು ಅಂಕಿ ಬರೆಯುವಾಗಲೇ ಸಾಕಷ್ಟು ಅಂತರ ಉಳಿಸಿರುತ್ತಾರೆ. ಅದರಲ್ಲಿ ಸ್ವಲ್ಪ ಬಳಸಿಕೊಂಡರೆ ತಪ್ಪೇನು?’ ಅಂತರ ಇರುವುದು ದಿಟ. ಆದರೆ ಅದು ಯಾರಿಗಾಗಿ ಇದೆ? ಎದುರಾಗುವ ಗುಂಡಿಗೆ, ಚಳಿದೇಶದ ರಸ್ತೆಗೆ ಚೆಲ್ಲುವ ಉಪ್ಪಿನಿಂದ ಹತ್ತುವ ತುಕ್ಕಿಗೆ, ಒಂದು ತಟ್ಟೆಯ ಉಕ್ಕಿಗೂ ಇನ್ನೊಂದಕ್ಕೂ ಇರುವ ಭೇದಕ್ಕೆ, ಚಾಲಕನ ಒಂದು ಕ್ಷಣದ ಮರೆವಿಗೆ. ಅದು ಅಜ್ಞಾತಕ್ಕೆ ಮೀಸಲಿಟ್ಟ ಪಾಲು. ಆ ಪಾಲನ್ನು ಒಡೆಯನಿಗೆ ಯಾರೂ ಕೊಟ್ಟಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಮಿತಿ ಮೀರಿ ಹೇರಿದವನು ತನ್ನ ಹಿಂದೆ ಮುಂದೆ ಸಾಗುವ ಅಪರಿಚಿತರ ರಕ್ಷಣೆಗೆಂದು ಇಟ್ಟ ನಿಧಿಯಿಂದ ಅವರಿಗೆ ತಿಳಿಯದಂತೆ ತೆಗೆದು ತನ್ನ ಸುಖಕ್ಕೆ ವ್ಯಯಿಸುತ್ತಾನೆ. ಅಹಿಂಸೆ, ಅಪರಿಗ್ರಹಗಳ ಜೊತೆಗೆ ಅಚೌರ್ಯವೂ ಇಲ್ಲಿ ಸಡಿಲುತ್ತದೆ.

ಹೊರೆ ಬೆಳೆಯುವ ಬಗೆಯನ್ನು ಗಮನಿಸಿದರೆ ಪರಿಗ್ರಹದ ನಡೆಯೇ ಕಾಣುತ್ತದೆ. ಯಾರೂ ಒಮ್ಮೆಲೇ ಅರ್ಧ ಟನ್ ಹೆಚ್ಚು ಹೇರುವುದಿಲ್ಲ. ೪೦ ಗ್ಯಾಲನ್ನಿನ ನೀರಿನ ತೊಟ್ಟಿ ತುಂಬಿದರೆ ಸುಮಾರು ೧೫೦ ಕಿಲೋ. ಬಿಸಿಲಿಗೆ ಒಂದು ಚಾವಣಿ, ಇನ್ನೆರಡು ಬ್ಯಾಟರಿ, ಡಬ್ಬಿಯ ಆಹಾರ, ಮಕ್ಕಳ ಸೈಕಲ್ಲು, ಒಂದು ಜನರೇಟರ್. ಒಂದೊಂದೂ ಅಲ್ಪ, ಒಂದೊಂದಕ್ಕೂ ಸಮರ್ಥನೆ ಸಿದ್ಧ. ಕುಳಿತುಕೊಳ್ಳುವವರ ಲೆಕ್ಕವೂ ಹಾಗೆಯೇ. ವಾಹನದ ಒಟ್ಟು ತೂಕದ ಮಿತಿಯನ್ನು ಪ್ರಮಾಣೀಕರಿಸುವ ಅಮೆರಿಕದ ನಿಯಮ ಆಸನವೊಂದಕ್ಕೆ ೧೫೦ ಪೌಂಡ್, ಎಂದರೆ ಸುಮಾರು ೬೮ ಕಿಲೋ ಹಿಡಿಯುತ್ತದೆ. ನಿಜವಾದ ಮನುಷ್ಯರು ಅದಕ್ಕಿಂತ ಹೆಚ್ಚು ತೂಗುವುದು ಅಪರೂಪವಲ್ಲ. ಪರಿಮಾಣವ್ರತವು ಮೊದಲೇ ಅಂಕಿಯನ್ನು ಗೊತ್ತುಮಾಡಿಕೊಳ್ಳಲು ಹೇಳುವುದು ಇದಕ್ಕಾಗಿಯೇ. ವಸ್ತುಗಳನ್ನು ಒಂದೊಂದಾಗಿ ತೂಗಿದರೆ ಮನಸ್ಸು ಎಲ್ಲವನ್ನೂ ಒಪ್ಪುತ್ತದೆ. ಮೊತ್ತವನ್ನು ಮೊದಲು ಕಟ್ಟಿಹಾಕಿದರೆ ಮಾತ್ರ ‘ಇದು ಬೇಕಾದರೆ ಅದನ್ನು ಬಿಡು’ ಎಂಬ ವಿವೇಕ ಹುಟ್ಟುತ್ತದೆ.

ಭಾರ ಹೆಚ್ಚಾದ ಟ್ರಕ್ಕಿನ ಹಿಂಭಾಗ ಕುಸಿದು ಕಂಡಾಗ ಕೆಲವರು ಹಿಂಗಾಲಿಯ ಬಳಿ ಗಾಳಿಚೀಲಗಳನ್ನು ಹಾಕಿಸಿ ಅದನ್ನು ಎತ್ತರಿಸುತ್ತಾರೆ. ಮಿತಿಯೊಳಗಿನ ಹೊರೆಯನ್ನು ಸಮತೋಲದಲ್ಲಿಡಲು ಅವು ಉಪಯುಕ್ತ. ಆದರೆ ಅವುಗಳಿಂದ ಚಾಸಿಯ ಶಕ್ತಿಯಾಗಲಿ ಬಾಗಿಲ ಬದಿಯ ಅಂಕಿಯಾಗಲಿ ಒಂದು ಕಿಲೋದಷ್ಟೂ ಹೆಚ್ಚುವುದಿಲ್ಲ. ಮಿತಿ ಮೀರಿದ ವಾಹನಕ್ಕೆ ಅವನ್ನು ಹಾಕಿಸುವುದೆಂದರೆ, ಮೂಕವಾದ ಕಬ್ಬಿಣವು ಕೊಡಬಲ್ಲ ಒಂದೇ ಒಂದು ಸೂಚನೆಯಾದ ಬಾಗಿದ ಬೆನ್ನನ್ನೂ ಮರೆಮಾಡಿದಂತೆ. ಕಷಾಯಗಳಲ್ಲಿ ಇದಕ್ಕೆ ಹೆಸರು ಮಾಯೆ. ಇತರರನ್ನು ವಂಚಿಸುವುದಕ್ಕಿಂತ ಮೊದಲು ಅದು ತನ್ನ ಕಣ್ಣನ್ನೇ ವಂಚಿಸುತ್ತದೆ.

ಹೊಣೆ ಒಡೆಯನೊಬ್ಬನದೇ ಅಲ್ಲ. ನಮ್ಮ ಶಾಸ್ತ್ರ ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಕರ್ಮದ ಹೊಣೆಯನ್ನು ಹಂಚುತ್ತದೆ. ಹೇರಿದವನು ಕೃತದ ಹೊಣೆಗಾರ. ಗ್ರಾಹಕನ ಟ್ರಕ್ಕು ಯಾವುದೆಂದು ತಿಳಿದೂ ಅದಕ್ಕೆ ಭಾರವಾಗುವ ಕ್ಯಾಂಪರನ್ನು ಮಾರಿದ ವರ್ತಕ ಕಾರಿತದ ಹೊಣೆಗಾರ. ಬೆಟ್ಟ ಹತ್ತುವ ವಾಹನದ ಚಿತ್ರವನ್ನು ದೊಡ್ಡದಾಗಿಯೂ ಮಿತಿಯ ಅಂಕಿಯನ್ನು ಸಣ್ಣಕ್ಷರದಲ್ಲಿಯೂ ಅಚ್ಚುಮಾಡುವ ಜಾಹೀರಾತುಗಾರ, ಅಷ್ಟು ಹೇರಿಕೊಂಡು ಬಂದವನ ಬೆನ್ನು ತಟ್ಟುವ ಮಿತ್ರ, ಇಬ್ಬರೂ ಅನುಮೋದನದ ಪಾಲುದಾರರು. ವ್ಯಾಪಾರ ನಮ್ಮ ಸಮಾಜದ ಬಹುಜನರ ವೃತ್ತಿಯಾದ್ದರಿಂದ ಈ ನಡುವಿನ ಹೊಣೆಯನ್ನು ನಾವು ವಿಶೇಷವಾಗಿ ನೆನೆಯಬೇಕು. ‘ಇದು ನಿಮ್ಮ ವಾಹನಕ್ಕೆ ಹೆಚ್ಚಾಯಿತು’ ಎಂದು ಹೇಳಿ ಲಾಭ ಬಿಟ್ಟುಕೊಟ್ಟ ವರ್ತಕನ ತ್ಯಾಗ ಯಾವ ಶಾಸನದಲ್ಲಿಯೂ ಕೆತ್ತಲ್ಪಡುವುದಿಲ್ಲ. ಆದರೂ ಅದು ದಾನವೇ, ಅಭಯದಾನ.

ಇಷ್ಟನ್ನು ಓದಿ ಭಾರವೇ ಪಾಪವೆಂದು ತಿಳಿಯಬಾರದು. ಭಾರಕ್ಕೂ ಹೊರುವುದಕ್ಕೂ ಹೊಂದಿಕೆಯಿದ್ದರೆ ದೋಷವಿಲ್ಲ. ಧರ್ಮಸ್ಥಳದ ೩೯ ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ನೆನೆಯೋಣ. ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಅದನ್ನು ಕಾರ್ಕಳದಲ್ಲಿ ಕಡೆದರು. ೧೯೭೩ರಲ್ಲಿ ಆ ಏಕಶಿಲೆಯನ್ನು ಧರ್ಮಸ್ಥಳಕ್ಕೆ ಸಾಗಿಸಲಾಯಿತು, ೧೯೮೨ರಲ್ಲಿ ಪ್ರತಿಷ್ಠೆಯಾಯಿತು. ನೂರು ಟನ್ನಿಗೂ ಮೀರಿದ ಆ ಶಿಲೆಯನ್ನು ಬಹುಚಕ್ರಗಳ ವಾಹನದ ಮೇಲಿರಿಸಿ ನಿಧಾನವಾಗಿ ತಂದರು. ಅಲ್ಲಿ ಭಾರ ತಿಳಿದಿತ್ತು, ದಾರಿ ತಿಳಿದಿತ್ತು, ಅವಸರವಿರಲಿಲ್ಲ. ಒಂದು ಕುಟುಂಬದ ವಿಹಾರದ ಹೊರೆ ಅದರ ಮುಂದೆ ತೃಣಸಮಾನ. ಆದರೂ ಅದು ಚಾಸಿಯನ್ನು ಮುರಿಯುತ್ತದೆ; ಕಾರಣ, ಎಷ್ಟಿದೆಯೆಂದು ಯಾರೂ ಕೇಳಿರುವುದಿಲ್ಲ.

ನಮ್ಮ ಮನೆಗಳಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಿಂದ ಒದಗುವ ಕರ್ತವ್ಯ ಕಠಿಣವಾದುದಲ್ಲ. ತೀರ್ಥಯಾತ್ರೆಯ ಬಸ್ಸಿನ ಮೇಲೆ ಏರುವ ಪಾತ್ರೆಪಡಗ, ಪಂಚಕಲ್ಯಾಣಕ್ಕೆ ಅಕ್ಕಿಬೇಳೆ ತರುವ ಲಾರಿ, ಶ್ರಾವಕರನ್ನು ತುಂಬಿಕೊಂಡು ಬರುವ ಟೆಂಪೋ, ಇವಕ್ಕೂ ಬರೆದಿಟ್ಟ ಮಿತಿಯುಂಟು. ಲಾರಿಯ ಅತಿಭಾರಕ್ಕೆ ನಮ್ಮ ಮೋಟಾರು ವಾಹನ ಕಾಯಿದೆ, ೨೦೧೯ರ ತಿದ್ದುಪಡಿಯ ಬಳಿಕ, ೨೦,೦೦೦ ರೂಪಾಯಿಯನ್ನೂ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯನ್ನೂ ದಂಡವಾಗಿ ವಿಧಿಸುತ್ತದೆ. ದಂಡದ ಭಯದಿಂದ ಮಿತಿಯಲ್ಲಿರುವುದು ನಾಗರಿಕನ ಲಕ್ಷಣ. ಯಾರೂ ನೋಡದ ದಾರಿಯಲ್ಲಿಯೂ ಮಿತಿಯಲ್ಲಿರುವುದು ವ್ರತಿಯ ಲಕ್ಷಣ. ಹೊರಡುವ ಮುನ್ನ ವಾಹನದ ಅಂಕಿಯನ್ನು ಓದಬೇಕು. ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಬೇಕು. ಹೆಚ್ಚಾದರೆ ಇಳಿಸಬೇಕು ಅಥವಾ ಇನ್ನೊಂದು ವಾಹನ ತರಿಸಬೇಕು. ಈ ಖರ್ಚನ್ನು ಲೆಕ್ಕಪತ್ರದಲ್ಲಿ ಸಾಗಣೆಯ ವೆಚ್ಚವೆಂದು ಬರೆದರೂ, ಅದು ಜೀವದಯೆಗೆ ಸಂದ ಹಣವೆಂದೇ ತಿಳಿಯತಕ್ಕದ್ದು.

‘ಇದು ತಾಳೀತೆ?’ ಎಂದು ಕೇಳುವುದು ಲೋಭದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಮುರಿದ ಮೇಲೆಯೇ. ‘ಇದರ ಮೇಲೆ ಎಷ್ಟು ಇಡಲು ನನಗೆ ಅಧಿಕಾರವಿದೆ?’ ಎಂದು ಕೇಳುವುದು ವ್ರತದ ಪ್ರಶ್ನೆ. ಅದಕ್ಕೆ ಉತ್ತರ ಹೊರಡುವ ಮೊದಲೇ ಸಿಗುತ್ತದೆ. ಅತಿಭಾರಾರೋಪಣವನ್ನು ಹೆಸರಿಸಿದ ಆಚಾರ್ಯರು ಪಿಕಪ್ಪನ್ನೂ ಕ್ಯಾಂಪರನ್ನೂ ಕಂಡವರಲ್ಲ. ಹೇರುವ ಕೈಯನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆ ಕೈ ಇರುವವರೆಗೆ ನಾಲ್ಕನೆಯ ಅತಿಚಾರವನ್ನು ಪಾಠಶಾಲೆಯ ಮಕ್ಕಳಿಗೆ ಕಲಿಸುವುದನ್ನು ನಾವು ಬಿಡುವಂತಿಲ್ಲ.